ಎಂಡಿಐ ಎಂಜಿನ್, ಹಳೆಯ ಜೀಪಿನ ಗೇರ್‌ಬಾಕ್ಸ್: ನಡುವೆ ಪ್ಲೇಟ್ ಹಾಕಿದ ಮೇಲೆ ಕ್ಲಚ್ ಬಾಳುತ್ತಿಲ್ಲ

ಪ್ರಶ್ನೆ (ಹೊಸನಗರ ತಾಲ್ಲೂಕಿನಿಂದ)

ನಮ್ಮಲ್ಲಿರುವುದು ಹಳೆಯ ಮಹೀಂದ್ರಾ ಎಂಎಂ 540 ಜೀಪು. ಬೆಟ್ಟದಿಂದ ಸೊಪ್ಪು ತರುವುದಕ್ಕೂ ಕೊಯ್ಲಿನಲ್ಲಿ ಅಡಿಕೆ ಗೊನೆಗಳನ್ನು ಅಂಗಳಕ್ಕೆ ಸಾಗಿಸುವುದಕ್ಕೂ ಅದನ್ನೇ ನಂಬಿದ್ದೇವೆ. ಕಳೆದ ಮಳೆಗಾಲದಲ್ಲಿ ಅದರ ಪ್ಯೂಜೊ ಎಕ್ಸ್‌ಡಿಪಿ 4.90 ಎಂಜಿನ್ನಿನ ಲೈನರ್ ಸೀಲ್ ಹೋಗಿ, ನೀರು ಆಯಿಲ್‌ಗೆ ಸೇರಿ, ಕ್ರ್ಯಾಂಕ್ (ಎಂಜಿನ್ನಿನ ತಿರುಗುವ ಮುಖ್ಯ ಶಾಫ್ಟು) ಹಿಡಿದುಕೊಂಡಿತು. ಬ್ಲಾಕ್ ಉಳಿಯಲಿಲ್ಲ. ಗುಜರಿಯಲ್ಲಿ ಒಳ್ಳೆಯ ಸ್ಥಿತಿಯ ಮಹೀಂದ್ರಾದ 2523 ಸಿಸಿ ಎಂಡಿಐ ಡೀಸೆಲ್ ಎಂಜಿನ್ ಸಿಕ್ಕಿತು, ಆದರೆ ಅದರ ಜೊತೆ ಬೆಲ್ ಹೌಸಿಂಗ್ (ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕ್ಲಚ್ಚನ್ನು ಮುಚ್ಚುವ ಕವಚ) ಆಗಲಿ ಗೇರ್‌ಬಾಕ್ಸ್ ಆಗಲಿ ಇರಲಿಲ್ಲ. ಹಳೆಯ ಹೌಸಿಂಗ್‌ನ ತೂತುಗಳು ಹೊಸ ಬ್ಲಾಕಿಗೆ ಹೊಂದದ ಕಾರಣ, ಮೆಕ್ಯಾನಿಕ್ಕರು ಎರಡೂ ಕಡೆಯ ಅಚ್ಚನ್ನು ರಟ್ಟಿನ ಮೇಲೆ ತೆಗೆದುಕೊಂಡು, 12 ಮಿ.ಮೀ. ದಪ್ಪದ ಕಬ್ಬಿಣದ ಪ್ಲೇಟ್ ಕೊರೆದು ನಡುವೆ ಕೂರಿಸಿದರು. ಬೋಲ್ಟುಗಳೆಲ್ಲ ಸಲೀಸಾಗಿ ಕುಳಿತವು.

ಆದರೂ ಗಾಡಿ ಹೊರಡುವಾಗ ಕ್ಲಚ್ ನಡುಗುತ್ತದೆ, ಪೆಡಲ್ ಪೂರ್ತಿ ಒತ್ತಿದರೂ ರಿವರ್ಸ್ ಗೇರ್ ಕರಕರ ಎನ್ನುತ್ತದೆ, ಒತ್ತಿ ಹಿಡಿದಾಗ ಒಳಗಿನಿಂದ ಕೀರಲು ಶಬ್ದವೂ ಬರುತ್ತದೆ. ಸುಮಾರು 400 ಕಿ.ಮೀ. ಓಡುವಷ್ಟರಲ್ಲಿ ಹೊಸ ಕ್ಲಚ್ ಪ್ಲೇಟಿನ ಹಬ್ (ನಡುಭಾಗ) ಬಿರುಕು ಬಿಟ್ಟಿತು, ಗೇರ್‌ಬಾಕ್ಸ್ ಮುಂಭಾಗದಿಂದ ಆಯಿಲ್ ಸೋರಲು ತೊಡಗಿತು. ಗೇರ್‌ಬಾಕ್ಸ್ ಸವೆದಿದೆ, ಬೇರೊಂದನ್ನು ಕೊಳ್ಳಿ ಎನ್ನುತ್ತಿದ್ದಾರೆ. ಹಣ ಹಾಕುವ ಮೊದಲು ತಿಳಿದವರ ಮಾತು ಕೇಳಬೇಕೆನಿಸಿತು.

ಉತ್ತರ 1 (ಶಿವಮೊಗ್ಗದಿಂದ, ಲೇಥ್ ಕೆಲಸದವರು)

ದಯವಿಟ್ಟು ಸದ್ಯಕ್ಕೆ ಗೇರ್‌ಬಾಕ್ಸ್ ಕೊಳ್ಳಬೇಡಿ. ನೀವು ಬರೆದ ಲಕ್ಷಣಗಳೆಲ್ಲ ಆ ಪ್ಲೇಟಿನ ಕಡೆಗೇ ಬೆರಳು ತೋರಿಸುತ್ತವೆ. ಬೋಲ್ಟುಗಳು ಸಲೀಸಾಗಿ ಕುಳಿತವು ಎಂಬುದನ್ನು ನೀವು ಸಮಾಧಾನದ ಮಾತಾಗಿ ಬರೆದಿದ್ದೀರಿ, ನನಗೆ ಅದೇ ಅನುಮಾನಕ್ಕೆ ಕಾರಣವಾಯಿತು. ಬೋಲ್ಟಿನ ಕೆಲಸ ಬಿಗಿದು ಹಿಡಿಯುವುದು ಮಾತ್ರ. ಕ್ರ್ಯಾಂಕಿನ ನಡುಗೆರೆಯೂ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿನ ನಡುಗೆರೆಯೂ ಒಂದೇ ಆಗುವಂತೆ ನೋಡಿಕೊಳ್ಳುವುದು ಡೋವೆಲ್ ಪಿನ್ನುಗಳು. ರಟ್ಟಿನ ಅಚ್ಚಿನಲ್ಲಿ ಅರ್ಧ ಮಿ.ಮೀ. ತಪ್ಪುವುದು ಬಹಳ ಸುಲಭ, ಆದರೆ ಇಲ್ಲಿ ಅರ್ಧ ಮಿ.ಮೀ. ಎಂದರೆ ದೊಡ್ಡ ತಪ್ಪು.

ಶಾಫ್ಟಿನ ತುದಿ ಕ್ರ್ಯಾಂಕಿನೊಳಗಿನ ಪೈಲಟ್ ಬುಷ್‌ನಲ್ಲಿ ಕೂರುತ್ತದೆ, ಅದರ ಹಿಂಭಾಗವನ್ನು ಗೇರ್‌ಬಾಕ್ಸಿನ ಬೇರಿಂಗ್ ಹಿಡಿದಿರುತ್ತದೆ. ಎರಡು ಕೇಂದ್ರಗಳು ಬೇರೆಯಾದರೆ ಶಾಫ್ಟು ಓರೆಯಾಗಿ ನಿಲ್ಲುತ್ತದೆ, ಕ್ಲಚ್ ಪ್ಲೇಟಿನ ಹಬ್ ಪ್ರತಿ ಸುತ್ತಿನಲ್ಲೂ ಬಳುಕಿ ಬಳುಕಿ ಕೊನೆಗೆ ಸೀಳುತ್ತದೆ. ಪೆಡಲ್ ಒತ್ತಿದಾಗ ಮಾತ್ರ ಕ್ರ್ಯಾಂಕು ಶಾಫ್ಟಿಗಿಂತ ಬೇರೆ ವೇಗದಲ್ಲಿ ತಿರುಗುವುದರಿಂದ ನಿಮ್ಮ ಕೀರಲು ಶಬ್ದ ಬಹುಮಟ್ಟಿಗೆ ಪೈಲಟ್ ಬುಷ್‌ನದು, ಇಲ್ಲವೇ ಪೆಡಲ್ ಒತ್ತಿದಾಗ ಕ್ಲಚ್ಚನ್ನು ಬಿಡಿಸುವ ರಿಲೀಸ್ ಬೇರಿಂಗಿನದು. ಬುಷ್ ಶಾಫ್ಟನ್ನು ಹಿಡಿದು ಎಳೆಯುತ್ತಿದ್ದರೆ ಪೆಡಲ್ ಒತ್ತಿದರೂ ಶಾಫ್ಟ್ ನಿಲ್ಲುವುದಿಲ್ಲ, ಅದಕ್ಕೇ ರಿವರ್ಸ್ ಕರಕರ ಎನ್ನುವುದು. ಗೇರ್‌ಬಾಕ್ಸಿನ ಆ ಮುಂದಿನ ಬೇರಿಂಗೇ ಹೋಗಿದ್ದರೆ ಶಬ್ದ ನ್ಯೂಟ್ರಲ್‌ನಲ್ಲಿ ಪೆಡಲ್ ಬಿಟ್ಟಾಗ ಬಂದು, ಒತ್ತಿದಾಗ ನಿಲ್ಲಬೇಕಿತ್ತು.

ಊಹೆ ಬೇಡ, ಅಳೆಯಿರಿ. ಗೇರ್‌ಬಾಕ್ಸ್ ಇಳಿಸಿ, ಕ್ಲಚ್ ಬಿಚ್ಚಿ, ಖಾಲಿ ಹೌಸಿಂಗನ್ನು ಪ್ಲೇಟಿನ ಸಮೇತ ಬ್ಲಾಕಿಗೆ ಬಿಗಿಯಿರಿ. ಡಯಲ್ ಗೇಜಿನ (ಸೂಕ್ಷ್ಮ ಅಂತರ ಅಳೆಯುವ ಸಾಧನ) ಮ್ಯಾಗ್ನೆಟ್ ಬೇಸನ್ನು ಕ್ರ್ಯಾಂಕಿನ ತುದಿಯ ಭಾರದ ಚಕ್ರವಾದ ಫ್ಲೈವೀಲಿಗೆ ಅಂಟಿಸಿ, ಗೇಜಿನ ಮುಳ್ಳನ್ನು ಹೌಸಿಂಗ್‌ನಲ್ಲಿ ಗೇರ್‌ಬಾಕ್ಸ್ ಕೂರುವ ದೊಡ್ಡ ತೂತಿನ ಒಳಮೈಗೆ ತಾಗಿಸಿ, ಇಂಜೆಕ್ಟರುಗಳನ್ನು ತೆಗೆದು ಕ್ರ್ಯಾಂಕನ್ನು ಕೈಯಿಂದ ಪೂರ್ತಿ ಒಂದು ಸುತ್ತು ತಿರುಗಿಸಿ. ಅತಿ ಹೆಚ್ಚು ಮತ್ತು ಅತಿ ಕಡಿಮೆ ಓದಿನ ನಡುವಿನ ವ್ಯತ್ಯಾಸದ ಅರ್ಧದಷ್ಟು ಕೇಂದ್ರ ಸರಿದಿದೆ ಎಂದು ಲೆಕ್ಕ. ಒಟ್ಟು ವ್ಯತ್ಯಾಸ 0.13 ಮಿ.ಮೀ., ಅಂದರೆ ನಮ್ಮ ಭಾಷೆಯಲ್ಲಿ ಐದು ಥೌ (ಇಂಚಿನ ಸಾವಿರ ಭಾಗಗಳಲ್ಲಿ ಐದು), ಮೀರಬಾರದು ಎಂಬುದು ಸಾಮಾನ್ಯವಾಗಿ ಪಾಲಿಸುವ ಮಿತಿ. ಆಮೇಲೆ ಮುಳ್ಳನ್ನು ಹೌಸಿಂಗ್‌ನ ಹಿಂಬದಿಯ ಮುಖಕ್ಕೆ ತಾಗಿಸಿ ಅದೂ ಸಮನಾಗಿದೆಯೇ ನೋಡಿ. ಈ ಎರಡನೆಯ ಅಳತೆಯ ಉದ್ದಕ್ಕೂ ಕ್ರ್ಯಾಂಕನ್ನು ಒಂದೇ ಕಡೆಗೆ ಒತ್ತಿ ಹಿಡಿಯದಿದ್ದರೆ ಅದರ ಎಂಡ್ ಪ್ಲೇ (ಹಿಂದೆ ಮುಂದೆ ಆಡುವ ಸಡಿಲ) ಕೂಡ ಓದಿನಲ್ಲಿ ಸೇರಿಬಿಡುತ್ತದೆ.

ಇನ್ನೊಂದು ಅಳತೆ ಆಳದ್ದು. 12 ಮಿ.ಮೀ. ಪ್ಲೇಟ್ ಹಾಕಿದಿರಿ ಎಂದರೆ ಶಾಫ್ಟಿನ ತುದಿ ಬುಷ್‌ನಿಂದ ಅಷ್ಟೇ ಹಿಂದೆ ಸರಿಯಿತು. ತುದಿಗೆ ಗ್ರೀಸ್ ಸವರಿ ಒಮ್ಮೆ ಕೂರಿಸಿ ತೆಗೆದರೆ ಎಷ್ಟು ಒಳಗೆ ಹೋಗುತ್ತಿದೆ ಎಂಬುದು ಕಾಣುತ್ತದೆ.

ಉತ್ತರ 2 (ತೀರ್ಥಹಳ್ಳಿಯಿಂದ)

ಮೇಲಿನವರು ಹೇಳಿದ್ದಕ್ಕೆ ನನ್ನ ಜೀಪಿನ ಅನುಭವವನ್ನು ಸೇರಿಸುತ್ತೇನೆ. ಕ್ಲಚ್ ಪ್ಲೇಟಿನ ಹಬ್ ಗೇರ್‌ಬಾಕ್ಸಿನ ಸ್ಪ್ಲೈನಿಗೆ (ಶಾಫ್ಟಿನ ಮೇಲಿನ ಉದ್ದುದ್ದ ಹಲ್ಲುಗಳಿಗೆ) ಹೊಂದಬೇಕು, ಕ್ಲಚ್ ಪ್ಲೇಟಿನ ಹೊರ ಅಳತೆ ಮತ್ತು ಅದನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟ್ ಫ್ಲೈವೀಲಿಗೆ ಹೊಂದಬೇಕು. ಹಬ್ ಸ್ಪ್ಲೈನಿನ ಮೇಲೆ ಪೂರ್ತಿ ಕುಳಿತಿದೆಯೇ, ಅರ್ಧಕ್ಕೇ ನಿಂತಿದೆಯೇ ಎಂಬುದನ್ನೂ ನೋಡಿ. ಸೆಲ್ಫ್ ಮೋಟರ್ ಹೌಸಿಂಗ್ ಮೇಲಿದ್ದರೆ ಅದೂ 12 ಮಿ.ಮೀ. ಹಿಂದೆ ಸರಿದಿರುತ್ತದೆ, ಆಗ ಅದರ ಹಲ್ಲು ರಿಂಗ್ ಗೇರಿನ ಅಂಚನ್ನು ಮಾತ್ರ ಕಚ್ಚುತ್ತದೆ.

ಜೀಪಿನಲ್ಲಿ ಟ್ರಾನ್ಸ್‌ಫರ್ ಕೇಸ್ (ಮುಂದಿನ ಹಿಂದಿನ ಚಕ್ರಗಳಿಗೆ ಎಳೆತ ಹಂಚುವ ಪೆಟ್ಟಿಗೆ) ಗೇರ್‌ಬಾಕ್ಸಿಗೇ ಅಂಟಿಕೊಂಡಿರುವುದನ್ನು ಅನೇಕರು ಮರೆಯುತ್ತಾರೆ. ಎಂಜಿನ್ ಇದ್ದಲ್ಲೇ ಇದ್ದು ಗೇರ್‌ಬಾಕ್ಸ್ ಹಿಂದೆ ಸರಿದರೆ ಹಿಂದಿನ ಪ್ರೊಪೆಲರ್ ಶಾಫ್ಟಿನ ಜಾಗ ಕಿರಿದಾಗುತ್ತದೆ, ಮುಂದಿನದು ಹಿಗ್ಗುತ್ತದೆ. ಗೇರ್‌ಬಾಕ್ಸನ್ನು ಇದ್ದಲ್ಲೇ ಬಿಟ್ಟು ಎಂಜಿನ್ ಮುಂದೆ ತಂದರೆ ಫ್ಯಾನ್ ರೇಡಿಯೇಟರಿಗೆ ಹತ್ತಿರವಾಗುತ್ತದೆ.

ಎಂಜಿನ್ನುಗಳ ಸ್ವಭಾವವೂ ಬೇರೆ. ಎಕ್ಸ್‌ಡಿಪಿಯ ಬೋರ್ (ಸಿಲಿಂಡರಿನ ಒಳ ಅಗಲ) 90 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 83; ಎಂಡಿಐ ಎಂಜಿನ್ನಿನ ಬೋರ್ 88.9, ಸ್ಟ್ರೋಕ್ 101.6. ಹೀಗೆ ಉದ್ದ ಸ್ಟ್ರೋಕಿನ, ನೇರವಾಗಿ ಡೀಸೆಲ್ ಚಿಮ್ಮಿಸುವ ಎಂಜಿನ್ ಕೆಳಗಿನ ಸುತ್ತಿನಲ್ಲೇ ಗಟ್ಟಿಯಾಗಿ ಎಳೆಯುತ್ತದೆ, ಹೆಚ್ಚು ಅದುರುತ್ತದೆ. ಆಗುಂಬೆ ಘಾಟಿಯ 14 ತಿರುವುಗಳನ್ನು ಹೊರೆ ತುಂಬಿಕೊಂಡು ಹತ್ತುವಾಗ ಆ ಎಳೆತವೆಲ್ಲ ಹಾದುಹೋಗುವುದು ಇದೇ ಶಾಫ್ಟಿನ ಮೂಲಕ. ಸಮತಟ್ಟು ರಸ್ತೆಯಲ್ಲಿ ವರ್ಷ ಬಾಳುವ ತಪ್ಪು ನಮ್ಮ ದಿಬ್ಬಗಳಲ್ಲಿ ಒಂದು ತಿಂಗಳೂ ಬಾಳದು.

ಉತ್ತರ 3 (ಸಾಗರದಿಂದ)

ಕಾಗದಪತ್ರದ ಮಾತನ್ನು ಯಾರೂ ಎತ್ತಲಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಎಂಜಿನ್ ನಂಬರು ಬದಲಾಗಿದೆ, ಮಾದರಿಯೂ ಬೇರೆ. ಗುಜರಿಯವರಿಂದ ಪಡೆದ ರಸೀದಿಯೊಂದಿಗೆ ಸಾರಿಗೆ ಕಚೇರಿಗೆ ಹೋಗಿ, ಒಪ್ಪಿಗೆ ಸಿಗುತ್ತದೆಯೇ ಎಂದು ಮೊದಲು ವಿಚಾರಿಸಿ. ಅಪಘಾತವಾದರೆ ವಿಮೆಯವರು ಮೊದಲು ನೋಡುವುದು ಈ ನಂಬರನ್ನೇ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಡಯಲ್ ಗೇಜ್ ತರಿಸಿ, ಹೇಳಿದಂತೆಯೇ ಅಳೆದೆವು. ಒಟ್ಟು ವ್ಯತ್ಯಾಸ 0.70 ಮಿ.ಮೀ. ಬಂದಿತು, ಅಂದರೆ ಕೇಂದ್ರ 0.35 ಮಿ.ಮೀ. ಸರಿದಿದೆ. ಶಾಫ್ಟಿನ ತುದಿ ಬುಷ್‌ನೊಳಗೆ ಹೋಗುತ್ತಿರುವುದು ಬರೀ 4 ಮಿ.ಮೀ., ಬುಷ್ ಒಂದು ಬದಿಗೆ ಮೊಟ್ಟೆಯಾಕಾರಕ್ಕೆ ಸವೆದಿದೆ. ಪ್ಲೇಟಿನಲ್ಲಿ ಡೋವೆಲ್ ತೂತುಗಳೇ ಇಲ್ಲ. ಇದೇ ಪ್ಲೇಟನ್ನು ಸರಿಪಡಿಸಬಹುದೇ? ಸಾರಿಗೆ ಕಚೇರಿಗೆ ಸೋಮವಾರ ಹೋಗುತ್ತೇನೆ.

ಉತ್ತರ 1ನ್ನು ಬರೆದವರು

ಸರಿಪಡಿಸಬಹುದು, ಆದರೆ ಅದಕ್ಕೂ ಮೊದಲು ಒಂದು ವಾರ ಗುಜರಿಗಳಲ್ಲಿ ಹುಡುಕಿ. ಎಂಡಿಐ ಎಂಜಿನ್ನನ್ನು ಮಹೀಂದ್ರಾದವರೇ ಜೀಪುಗಳಿಗೆ ಕೂರಿಸಿ ಮಾರಿದ್ದಾರೆ, ಹಾಗಾಗಿ ಅದಕ್ಕೆಂದೇ ಎರಕ ಹೊಯ್ದ ಹೌಸಿಂಗ್ ಎಲ್ಲಿಯೋ ಇದ್ದೇ ಇರುತ್ತದೆ. ಅದು ನಿಮ್ಮ ಗೇರ್‌ಬಾಕ್ಸಿನ ಮುಖಕ್ಕೂ ಶಾಫ್ಟಿನ ಉದ್ದಕ್ಕೂ ಹೊಂದಿದರೆ ಪ್ಲೇಟಿನ ಹಂಗೇ ಇಲ್ಲ.

ಸಿಗದಿದ್ದರೆ ಪ್ಲೇಟಿನ ಎರಡೂ ಮುಖಗಳನ್ನು ಸರ್ಫೇಸ್ ಗ್ರೈಂಡಿಂಗ್ ಮಾಡಿಸಿ ಸಮಾನಾಂತರಕ್ಕೆ ತನ್ನಿ. ಮೊದಲು ಅದನ್ನು ಬ್ಲಾಕಿಗೆ ಎರಡು ಡೋವೆಲ್ ಹಾಕಿ ಕೂರಿಸಿ. ನಂತರ ಹೌಸಿಂಗ್‌ನ ಬೋಲ್ಟ್ ತೂತುಗಳನ್ನು ಒಂದು ಮಿ.ಮೀ. ಹಿಗ್ಗಿಸಿ, ಬೋಲ್ಟುಗಳನ್ನು ಅರೆಬಿಗಿ ಮಾಡಿ, ಗೇಜ್ ನೋಡುತ್ತಾ ಮರದ ಸುತ್ತಿಗೆಯಿಂದ ಹೌಸಿಂಗನ್ನು ಸ್ವಲ್ಪ ಸ್ವಲ್ಪವೇ ತಟ್ಟಿ ಕೇಂದ್ರಕ್ಕೆ ತನ್ನಿ. ಓದು ಮಿತಿಯೊಳಗೆ ಬಂದ ಮೇಲೆ ಪೂರ್ತಿ ಬಿಗಿದು, ಮತ್ತೊಮ್ಮೆ ಅಳೆದು, ಹೌಸಿಂಗನ್ನೂ ಪ್ಲೇಟನ್ನೂ ಒಟ್ಟಿಗೇ ಕೊರೆದು ತೂತನ್ನು ನಿಖರ ಅಳತೆಗೆ ತರುವ ರೀಮರ್ ಹಾಕಿ ಡೋವೆಲ್ ಹೊಡೆಯಿರಿ. ಬಿಗಿಯುವಾಗ ಹೌಸಿಂಗ್ ಸರಿಯುವುದುಂಟು, ಆದ್ದರಿಂದ ಬಿಗಿದ ಮೇಲಿನ ಆ ಮರು ಅಳತೆಯನ್ನು ಬಿಡಬೇಡಿ. ಕಳೆದುಹೋದ 12 ಮಿ.ಮೀ. ಆಳಕ್ಕೆ, ಕ್ರ್ಯಾಂಕಿನ ತೂತಿಗೆ ಬಿಗಿಯಾಗಿ ಕೂತು ಹಿಂದಕ್ಕೆ ಚಾಚುವ ಮೆಟ್ಟಿಲು ಬುಷ್ ಒಂದನ್ನು ಗನ್ ಮೆಟಲ್‌ನಲ್ಲಿ ಕಡೆಸಬೇಕು. ಅದನ್ನು ನಮ್ಮಲ್ಲೇ ಮಾಡಿಕೊಡಬಹುದು, ಶಾಫ್ಟಿನ ತುದಿಯ ಅಳತೆಯನ್ನು ಮೈಕ್ರೋಮೀಟರಿನಲ್ಲಿ ತೆಗೆದು ತನ್ನಿ.

ಗೇರ್‌ಬಾಕ್ಸ್ ಹೇಗೂ ಕೆಳಗಿಳಿದಿದೆ. 400 ಕಿ.ಮೀ. ಓರೆ ಶಾಫ್ಟಿನೊಂದಿಗೆ ಓಡಿದ ಮುಂದಿನ ಬೇರಿಂಗನ್ನೂ ಸೀಲನ್ನೂ ಬದಲಾಯಿಸದೆ ಮೇಲೆ ಏರಿಸಬೇಡಿ.