ಪಿಕ್ಲಿಂಗ್ ಪೇಸ್ಟ್‌ನಲ್ಲಿರುವ ಹೈಡ್ರೋಫ್ಲೋರಿಕ್ ಆಮ್ಲ: ನೀರಿನಿಂದ ತೊಳೆದರೆ ಸಾಕೇ?

ಪ್ರಶ್ನೆ – ವೆಲ್ಡಿಂಗ್ ಮೇಲ್ವಿಚಾರಕ

ನಮಸ್ಕಾರ. ಸ್ಟೇನ್‌ಲೆಸ್ ಸ್ಟೀಲ್ ಟ್ಯಾಂಕುಗಳನ್ನು ತಯಾರಿಸುವ ವರ್ಕ್‌ಶಾಪ್ ಒಂದರಲ್ಲಿ ನಾನು ವೆಲ್ಡಿಂಗ್ ವಿಭಾಗದ ಮೇಲ್ವಿಚಾರಣೆ ನೋಡಿಕೊಳ್ಳುತ್ತೇನೆ. ವೆಲ್ಡಿಂಗ್ ಆದ ಮೇಲೆ ಬೆಸುಗೆಯ ಅಕ್ಕಪಕ್ಕ ಉಳಿಯುವ ನೀಲಿ, ಕಂದು ಕಲೆಯನ್ನು ತೆಗೆಯಲು ಬ್ರಷ್‌ನಿಂದ ಪಿಕ್ಲಿಂಗ್ ಪೇಸ್ಟ್ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ನೀರು ಹಾಯಿಸಿ ತೊಳೆಯುತ್ತೇವೆ. ಡಬ್ಬಿಯ ಮೇಲೆ ನೈಟ್ರಿಕ್ ಆಮ್ಲ ಸುಮಾರು 20%, ಹೈಡ್ರೋಫ್ಲೋರಿಕ್ ಆಮ್ಲ ಸುಮಾರು 5% ಎಂದು ಬರೆದಿದೆ.

ಈಚೆಗೆ ನಮ್ಮ ಕೆಲಸಗಾರರೊಬ್ಬರ ಕೈಗವಸಿನ ಬೆರಳ ತುದಿಯಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕ ತೂತು ಇತ್ತು. ಕೆಲಸ ಮುಗಿದಾಗ ಅವರಿಗೆ ಏನೂ ಅನ್ನಿಸಿರಲಿಲ್ಲ. ಸಾಬೂನು ಹಾಕಿ ಕೈ ತೊಳೆದುಕೊಂಡು ಮನೆಗೆ ಹೋದರು. ನಡುರಾತ್ರಿಯ ಹೊತ್ತಿಗೆ ಉಗುರಿನ ಅಡಿಯಲ್ಲಿ ತಡೆಯಲಾರದಂಥ ಸಿಡಿತ ಶುರುವಾಯಿತು, ಆದರೆ ಬೆರಳು ತುಸು ಕೆಂಪಾದದ್ದು ಬಿಟ್ಟರೆ ಗುಳ್ಳೆಯೂ ಇಲ್ಲ, ಗಾಯವೂ ಇಲ್ಲ. ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ಈಗ ಚೇತರಿಸಿಕೊಂಡಿದ್ದಾರೆ. ಆಡಳಿತದವರು ಮಾತ್ರ, ಇರುವುದೇ 5%, ಉರಿ ಕಂಡಾಗ ನೀರಿನಿಂದ ತೊಳೆದರೆ ಸಾಕು ಎನ್ನುತ್ತಿದ್ದಾರೆ. ಈ ಮಾತು ಸರಿಯೇ? ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಇಟ್ಟುಕೊಳ್ಳಬೇಕೆಂದು ಸುರಕ್ಷತಾ ದತ್ತಾಂಶ ಪತ್ರದಲ್ಲಿ ಓದಿದೆ. ಅದು ನಿಜಕ್ಕೂ ಅಗತ್ಯವೇ?

ಉತ್ತರ – ರಸಾಯನ ಎಂಜಿನಿಯರ್

ನೋವನ್ನೇ ಅಳತೆಗೋಲು ಮಾಡಿಕೊಂಡರೆ ಈ ಆಮ್ಲದ ವಿಷಯದಲ್ಲಿ ಖಂಡಿತ ಮೋಸ ಹೋಗುತ್ತೀರಿ. ಹೈಡ್ರೋಕ್ಲೋರಿಕ್, ನೈಟ್ರಿಕ್‌ನಂಥ ಪ್ರಬಲ ಆಮ್ಲಗಳು ನೀರಿನಲ್ಲಿ ಹೆಚ್ಚುಕಡಿಮೆ ಪೂರ್ತಿಯಾಗಿ ಅಯಾನುಗಳಾಗಿ ಒಡೆಯುತ್ತವೆ. ಹಾಗಾಗಿ ಚರ್ಮದ ಮೇಲ್ಪದರದಲ್ಲೇ ಸುಟ್ಟು, ಕೂಡಲೇ ಉರಿದು, ಮನುಷ್ಯನನ್ನು ಎಚ್ಚರಿಸುತ್ತವೆ. ಹೈಡ್ರೋಫ್ಲೋರಿಕ್ ಆಮ್ಲ ರಸಾಯನಶಾಸ್ತ್ರದ ಲೆಕ್ಕದಲ್ಲಿ ದುರ್ಬಲ ಆಮ್ಲ. ಅದರ ಬಹುಪಾಲು ಅಣುಗಳು ಒಡೆಯದೆ ಇಡಿಯಾಗಿ ಉಳಿಯುತ್ತವೆ, ವಿದ್ಯುದಾವೇಶವಿಲ್ಲದ ಆ ಪುಟ್ಟ ಅಣುಗಳು ಚರ್ಮವನ್ನು ದಾಟಿ ಆಳಕ್ಕೆ ಇಳಿಯುತ್ತವೆ. ಪೇಸ್ಟ್‌ನಲ್ಲಿ ನೈಟ್ರಿಕ್ ಆಮ್ಲವೂ ಜೊತೆಗಿರುವುದರಿಂದ ಹೈಡ್ರೋಫ್ಲೋರಿಕ್ ಆಮ್ಲ ಒಡೆಯುವ ಪ್ರಮಾಣ ಇನ್ನೂ ಕಡಿಮೆ.

ಒಳಗೆ ಹೋದ ಫ್ಲೋರೈಡ್, ಅಂಗಾಂಶದಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಅನ್ನು ಹಿಡಿದು ಕಟ್ಟಿಹಾಕುತ್ತದೆ. ಜೀವಕೋಶಗಳು ಸಾಯುತ್ತವೆ, ನರಗಳು ಕೆರಳುತ್ತವೆ. ನಿಮ್ಮ ಕೆಲಸಗಾರರು ಅನುಭವಿಸಿದ್ದು ಈ ನೋವನ್ನೇ. ಸಾಮಾನ್ಯವಾಗಿ 50% ಮೀರಿದ ದ್ರಾವಣ ತಾಗಿದರೆ ನೋವು ತಕ್ಷಣ ಬರುತ್ತದೆ, 20ರಿಂದ 50% ಇದ್ದರೆ 1ರಿಂದ 8 ಗಂಟೆ ಹಿಡಿಯಬಹುದು, 20%ಕ್ಕಿಂತ ಕಡಿಮೆ ಇದ್ದರೆ 24 ಗಂಟೆಯವರೆಗೂ ಸುಳಿವು ಸಿಗದಿರಬಹುದು. ಎಂದರೆ, ಇರುವುದೇ 5% ಎಂಬ ಕಾರಣಕ್ಕೇ ಎಚ್ಚರಿಕೆ ತಡವಾಗಿ ಬರುತ್ತದೆ. ಆದ್ದರಿಂದ ತಾಗಿತೆಂಬ ಅನುಮಾನ ಬಂದ ಕ್ಷಣವೇ ಪ್ರಥಮ ಚಿಕಿತ್ಸೆ ಶುರುವಾಗಬೇಕು, ಉರಿಗಾಗಿ ಕಾಯಬಾರದು.

ಉತ್ತರ – ಫ್ಯಾಬ್ರಿಕೇಶನ್ ಗುತ್ತಿಗೆದಾರ

ಇಷ್ಟೊಂದು ಹೆದರುವ ಅಗತ್ಯವಿಲ್ಲ ಎಂದು ನನ್ನ ಅಭಿಪ್ರಾಯ. ನಾವು ಬಹಳ ಕಾಲದಿಂದ ಇದೇ ಪೇಸ್ಟ್ ಬಳಸುತ್ತಿದ್ದೇವೆ. ಕೈಗೆ ತಾಗಿದರೆ ಅಡುಗೆ ಸೋಡಾ ಕಲಸಿ ಹಚ್ಚುತ್ತೇವೆ. ಆಮ್ಲವನ್ನು ಸೋಡಾ ತಟಸ್ಥಗೊಳಿಸುತ್ತದೆಯಲ್ಲವೇ?

ಉತ್ತರ – ಔದ್ಯೋಗಿಕ ಆರೋಗ್ಯ ವೈದ್ಯೆ

ಗುತ್ತಿಗೆದಾರರ ಸಲಹೆಯನ್ನು ದಯವಿಟ್ಟು ಯಾರೂ ಪಾಲಿಸಬೇಡಿ. ಸೋಡಾ ಆಮ್ಲೀಯತೆಯನ್ನು ತಗ್ಗಿಸುತ್ತದೆ, ನಿಜ. ಆದರೆ ಆಗ ಉಂಟಾಗುವ ಸೋಡಿಯಂ ಫ್ಲೋರೈಡ್ ನೀರಿನಲ್ಲಿ ಕರಗುವ ವಸ್ತು, ಅದರಲ್ಲಿನ ಫ್ಲೋರೈಡ್ ವಿಷವಾಗಿಯೇ ಉಳಿಯುತ್ತದೆ, ಚರ್ಮದೊಳಗೆ ಆಗಲೇ ಇಳಿದದ್ದನ್ನಂತೂ ಸೋಡಾ ಮುಟ್ಟುವುದೇ ಇಲ್ಲ. ಕ್ಯಾಲ್ಸಿಯಂ ಸಿಕ್ಕರೆ ಫ್ಲೋರೈಡ್ ಕರಗದ ಕ್ಯಾಲ್ಸಿಯಂ ಫ್ಲೋರೈಡ್ ಆಗಿ ಕೂರುತ್ತದೆ. ಜೆಲ್ ಮಾಡುವ ಕೆಲಸ ಇಷ್ಟೇ, ಮತ್ತು ಆ ಕೆಲಸವನ್ನು ಬರಿಯ ನೀರು ಮಾಡಲಾರದು.

ಪೇಸ್ಟ್ ತಾಗಿದೊಡನೆ ತಾಗಿದ ಬಟ್ಟೆ, ಕೈಗವಸು, ಉಂಗುರ, ಗಡಿಯಾರಗಳನ್ನು ತೆಗೆದುಹಾಕಿ, ಹರಿಯುವ ನೀರಿನಲ್ಲಿ ತೊಳೆಯಬೇಕು. ಜೆಲ್ ಕೈಯಳತೆಯಲ್ಲಿದ್ದರೆ 5 ನಿಮಿಷ ತೊಳೆದು ಜೆಲ್ ಹಚ್ಚಲು ಆರಂಭಿಸಬಹುದು. ಇಲ್ಲದಿದ್ದರೆ ವೈದ್ಯಕೀಯ ನೆರವು ಸಿಗುವವರೆಗೂ ನೀರನ್ನು ನಿಲ್ಲಿಸಬಾರದು. 2.5% ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಅನ್ನು ಧಾರಾಳವಾಗಿ ಹಾಕಿ, ತಿಕ್ಕುತ್ತಾ, ಮತ್ತೆ ಮತ್ತೆ ಹಚ್ಚುತ್ತಲೇ ಇರಬೇಕು. ಹಚ್ಚುವವರು ತಾವೂ ಕೈಗವಸು ಧರಿಸಿರಬೇಕು, ಇಲ್ಲದಿದ್ದರೆ ಗಾಯಾಳು ಇಬ್ಬರಾಗುತ್ತಾರೆ. ಬೆರಳುಗಳಿಗೆ ತಾಗಿದ್ದರೆ ಶುಚಿಯಾದ ಕೈಗವಸಿನೊಳಗೆ ಜೆಲ್ ತುಂಬಿ ಕೈಗೆ ತೊಡಿಸುವುದು ಒಳ್ಳೆಯ ಉಪಾಯ; ಉಗುರಿನ ಸಂದಿಗೂ ಅದು ತಲುಪುತ್ತದೆ. ಇದರ ನಡುವೆಯೇ ಆಸ್ಪತ್ರೆಗೆ ಹೊರಡಬೇಕು, ಜೊತೆಗೆ ಸುರಕ್ಷತಾ ದತ್ತಾಂಶ ಪತ್ರವನ್ನು ಒಯ್ಯಬೇಕು, ಏಕೆಂದರೆ ಹೊರಗೆ ಏನೂ ಕಾಣದ ಬೆರಳನ್ನು ನೋಡಿದ ವೈದ್ಯರಿಗೆ ಇದು ಫ್ಲೋರೈಡ್ ಗಾಯ ಎಂದು ತಾನಾಗಿ ಹೊಳೆಯುವುದು ಕಷ್ಟ. ನೋವು ಇಳಿಯುತ್ತಿದೆಯೇ ಎಂಬುದೇ ಚಿಕಿತ್ಸೆ ಫಲಿಸುತ್ತಿದೆಯೇ ಎಂಬುದರ ಸೂಚನೆ. ಹಾಗಾಗಿ ಮರಗಟ್ಟಿಸುವ ಮುಲಾಮನ್ನು ನೀವಾಗಿ ಹಚ್ಚಬೇಡಿ. ಕಣ್ಣಿಗೆ ಸಿಡಿದಿದ್ದರೆ ಈ ಜೆಲ್ ಬೇಡವೇ ಬೇಡ, ಕನಿಷ್ಠ 15 ನಿಮಿಷ ನೀರಿನಲ್ಲಿ ತೊಳೆದು ನೇರವಾಗಿ ಆಸ್ಪತ್ರೆಗೆ ಹೋಗಬೇಕು.

ಗಾಢ ದ್ರಾವಣದ ಮಾತೇ ಬೇರೆ. 50% ಮೀರಿದ್ದು ಅಂಗೈಯಷ್ಟು ಜಾಗಕ್ಕೆ ತಾಗಿದರೂ ರಕ್ತದ ಕ್ಯಾಲ್ಸಿಯಂ ಕುಸಿದು ಹೃದಯದ ಬಡಿತ ಏರುಪೇರಾಗಬಹುದು. 1994ರಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ, ಒಬ್ಬರೇ ಕೆಲಸ ಮಾಡುತ್ತಿದ್ದ ಪ್ರಯೋಗಾಲಯದ ತಂತ್ರಜ್ಞರೊಬ್ಬರ ತೊಡೆಯ ಮೇಲೆ 70% ಆಮ್ಲ ಚೆಲ್ಲಿತು. ಅವರು ನೀರಿನಿಂದ ತೊಳೆದುಕೊಂಡರು, ಆದರೆ ಅಲ್ಲಿ ಜೆಲ್ ಇರಲಿಲ್ಲ. ಒಂದು ಕಾಲನ್ನು ಕತ್ತರಿಸಿದರೂ 15 ದಿನಗಳ ಬಳಿಕ ತೀರಿಕೊಂಡರು. ನಿಮ್ಮ ಪೇಸ್ಟ್ ಅಷ್ಟು ಗಾಢವಲ್ಲ. ಆದರೂ ಜೆಲ್ ಇಲ್ಲದ ಜಾಗದಲ್ಲಿ ಡಬ್ಬಿಯ ಮುಚ್ಚಳ ತೆರೆಯಬಾರದು, ಒಬ್ಬರನ್ನೇ ಈ ಕೆಲಸಕ್ಕೆ ಬಿಡಬಾರದು ಎಂದು ನಿಯಮ ಮಾಡಿ. ಜೆಲ್‌ನ ಅವಧಿ ಮುಗಿಯುವ ದಿನಾಂಕವನ್ನೂ ಆಗಾಗ ನೋಡುತ್ತಿರಿ.

ಮರುಪ್ರಶ್ನೆ – ವೆಲ್ಡಿಂಗ್ ಮೇಲ್ವಿಚಾರಕ

ಧನ್ಯವಾದಗಳು, ಮೇಡಂ. ಜೆಲ್ ತರಿಸುವಂತೆ ಇವತ್ತೇ ಬರೆದುಕೊಟ್ಟಿದ್ದೇನೆ. ಎಂಥ ಕೈಗವಸು ಬಳಸಬೇಕು, ಚೆಲ್ಲಿದರೆ ಏನು ಮಾಡಬೇಕು, ತೊಳೆದ ನೀರನ್ನು ಎಲ್ಲಿಗೆ ಬಿಡಬೇಕು ಎಂಬುದನ್ನೂ ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ. ಸದ್ಯಕ್ಕೆ ಚೆಲ್ಲಿದ ಜಾಗಕ್ಕೆ ಮರಳು ಸುರಿಯುತ್ತಿದ್ದೇವೆ.

ಉತ್ತರ – ಪಿಕ್ಲಿಂಗ್ ಘಟಕದ ಸುರಕ್ಷತಾ ಅಧಿಕಾರಿ

ಮೊದಲು ಆ ಮರಳನ್ನು ಅಲ್ಲಿಂದ ತೆಗೆಸಿ. ಮರಳೆಂದರೆ ಸಿಲಿಕಾ, ಹೈಡ್ರೋಫ್ಲೋರಿಕ್ ಆಮ್ಲ ಅದರೊಂದಿಗೆ ವರ್ತಿಸಿ ಸಿಲಿಕಾನ್ ಟೆಟ್ರಾಫ್ಲೋರೈಡ್ ಎಂಬ ವಿಷಾನಿಲವನ್ನು ಹೊರಬಿಡಬಲ್ಲದು. ಗಾಜನ್ನು ತಿನ್ನುವುದೂ ಇದೇ ಗುಣದಿಂದ, ಆದ್ದರಿಂದ ಉಳಿದ ಪೇಸ್ಟ್ ಅನ್ನು ಗಾಜಿನ ಬಾಟಲಿಗೆ ಎಂದೂ ಸುರಿಯಬೇಡಿ. ಪಾಲಿಥಿಲೀನ್ ಡಬ್ಬಿಯಲ್ಲೇ, ಹೆಸರಿನ ಚೀಟಿ ಸಮೇತ ಇರಲಿ. ಚೆಲ್ಲಿದ್ದಕ್ಕೆ ಸುಣ್ಣದ ಕಲ್ಲಿನ ಪುಡಿ ಅಥವಾ ಅರಳಿದ ಸುಣ್ಣವನ್ನು ಅಂಚಿನಿಂದ ನಡುವಿನ ಕಡೆಗೆ ನಿಧಾನವಾಗಿ ಉದುರಿಸಬೇಕು. ಸುಡು ಸುಣ್ಣ ಬೇಡ, ಅದು ವಿಪರೀತ ಬಿಸಿಯಾಗುತ್ತದೆ.

ಆಸ್ಪತ್ರೆಯಲ್ಲಿ ಬಳಸುವಂಥ ತೆಳು ಕೈಗವಸುಗಳನ್ನು ನಂಬಬೇಡಿ. ಮೊಣಕೈವರೆಗೆ ಬರುವ ದಪ್ಪ ನಿಯೋಪ್ರೀನ್ ಅಥವಾ ಬ್ಯೂಟೈಲ್ ರಬ್ಬರಿನವು ಇರಲಿ, ತಯಾರಕರ ಪಟ್ಟಿಯಲ್ಲಿ ಈ ಆಮ್ಲಕ್ಕೆ ಎಷ್ಟು ಹೊತ್ತು ತಡೆಯುತ್ತದೆ ಎಂಬುದನ್ನು ನೋಡಿಯೇ ಕೊಳ್ಳಿ. ಪ್ರತಿ ಸಲ ಧರಿಸುವ ಮುನ್ನ ಕೈಗವಸಿಗೆ ಗಾಳಿ ಹಿಡಿದು, ಬಾಯಿ ಮಡಿಚಿ ಒತ್ತಿ, ನೀರಿನಲ್ಲಿ ಅದ್ದಿ ನೋಡಿದರೆ ಸೂಜಿಮೊನೆಯಷ್ಟು ತೂತಿದ್ದರೂ ಗುಳ್ಳೆ ಎದ್ದು ಕಾಣುತ್ತದೆ. ಬಾಯಿಯಿಂದ ಮಾತ್ರ ಊದಬೇಡಿ. ಮುಖಕ್ಕೆ ಬರಿಯ ಕನ್ನಡಕ ಸಾಲದು, ಗಾಗಲ್ಸ್ ಹಾಕಿ ಅದರ ಮೇಲೆ ಪೂರ್ತಿ ಮುಖಕವಚ ತೊಡಬೇಕು.

ಟ್ಯಾಂಕಿನ ಒಳಗೆ ಇಳಿದು ಹಚ್ಚುವ ಪದ್ಧತಿ ನಿಮ್ಮಲ್ಲಿದ್ದರೆ ನನ್ನ ಆತಂಕ ಹೆಚ್ಚು, ಏಕೆಂದರೆ ಪೇಸ್ಟ್‌ನಿಂದ ಏಳುವ ನೈಟ್ರೋಜನ್ ಡಯಾಕ್ಸೈಡ್ ಹೊಗೆ ಅಲ್ಲಿ ಕಟ್ಟಿಕೊಳ್ಳುತ್ತದೆ, ಅದು ಶ್ವಾಸಕೋಶಕ್ಕೆ ಮಾಡಿದ ಹಾನಿಯೂ ಗಂಟೆಗಟ್ಟಲೆ ತಡವಾಗಿ ಕಾಣಿಸಿಕೊಳ್ಳುತ್ತದೆ. ಗಾಳಿ ಹೊರಗೆಳೆಯುವ ವ್ಯವಸ್ಥೆ, ತಕ್ಕ ಉಸಿರಾಟದ ರಕ್ಷಣೆ, ಹೊರಗೆ ಕಾವಲಿಗೊಬ್ಬರು ಇಲ್ಲದೆ ಯಾರೂ ಒಳಗಿಳಿಯಬಾರದು.

ತೊಳೆದ ನೀರಿನಲ್ಲಿ ಫ್ಲೋರೈಡ್ ಜೊತೆಗೆ ಉಕ್ಕಿನಿಂದ ಕರಗಿ ಬಂದ ಕ್ರೋಮಿಯಂ, ನಿಕಲ್ ಕೂಡ ಇರುತ್ತವೆ. ಅದನ್ನು ಚರಂಡಿಗೆ ಬಿಡದೆ ಪ್ಲಾಸ್ಟಿಕ್ ತೊಟ್ಟಿಯಲ್ಲಿ ಹಿಡಿದು, ಸುಣ್ಣ ಸೇರಿಸಿ ತಳಕ್ಕೆ ಇಳಿಸಿ, ಆ ಕೆಸರನ್ನು ಅಪಾಯಕಾರಿ ತ್ಯಾಜ್ಯವಾಗಿ ಅಧಿಕೃತ ವಿಲೇವಾರಿಗೆ ಕೊಡಬೇಕು. ಮೇಲೆ ನಿಂತ ನೀರನ್ನೂ ಪರೀಕ್ಷಿಸದೆ ಹೊರಬಿಡುವಂತಿಲ್ಲ.

ಇಷ್ಟೆಲ್ಲ ಏರ್ಪಾಡು ದುಬಾರಿ ಎಂದು ಆಡಳಿತದವರು ಹೇಳಿದರೆ, ಬೆಸುಗೆಯ ಕಲೆಯನ್ನು ವಿದ್ಯುತ್ ಮತ್ತು ಫಾಸ್ಫಾರಿಕ್ ಆಮ್ಲದಿಂದ ತೆಗೆಯುವ ಯಂತ್ರಗಳಿವೆ ಎಂದು ತಿಳಿಸಿ. ಅದರಲ್ಲೂ ಆಮ್ಲ ಇದ್ದೇ ಇರುತ್ತದೆ, ಆದರೆ ಫ್ಲೋರೈಡ್ ಇಲ್ಲದ ದ್ರವವನ್ನು ಆರಿಸಿಕೊಳ್ಳಬಹುದು. ನಿಮ್ಮ ಟ್ಯಾಂಕಿನ ಗುಣಮಟ್ಟಕ್ಕೆ ಅದು ಸಾಕಾಗುತ್ತದೆಯೇ ಎಂಬುದನ್ನು ಒಂದು ತುಂಡು ತಗಡಿನ ಮೇಲೆ ಪರೀಕ್ಷಿಸಿ ನಿರ್ಧರಿಸಿ.