ಅಪ್‌ಡೇಟ್: ಮ್ಯೂನಿಕ್‌ನಲ್ಲಿ ನಮ್ಮ ವಿಮೆಗೆ ಒಪ್ಪುವ ಸೂಲಗಿತ್ತಿ ಸಿಕ್ಕಿದರು

ಜರ್ಮನಿಯ ಮ್ಯೂನಿಕ್‌ನಲ್ಲಿ ಶಾಸನಬದ್ಧ ಆರೋಗ್ಯ ವಿಮೆಯನ್ನು (ಖಾಸಗಿಯಲ್ಲದ, ಕಾನೂನಿನ ಪ್ರಕಾರ ನಡೆಯುವ ಸಾರ್ವಜನಿಕ ವಿಮೆ) ಒಪ್ಪುವ ಸೂಲಗಿತ್ತಿಯನ್ನು ಹುಡುಕುವುದು ಹೇಗೆಂದು ಕೇಳಿದ್ದೆ. ಈಗ ಒಬ್ಬರು ಸಿಕ್ಕಿದ್ದಾರೆ. ಈ ವಿಮಾ ಸಂಸ್ಥೆಗಳ ಕೇಂದ್ರ ಒಕ್ಕೂಟದ (GKV-Spitzenverband) ಸೂಲಗಿತ್ತಿಯರ ಪಟ್ಟಿಯಲ್ಲಿ ಪಿನ್‌ಕೋಡ್ ಹಾಕಿ ಹುಡುಕಬಹುದು. ಅದರಲ್ಲಿರುವವರು ಶುಲ್ಕವನ್ನು ನೇರವಾಗಿ ವಿಮಾ ಸಂಸ್ಥೆಯಿಂದಲೇ ಪಡೆಯುವುದರಿಂದ ವಿಮೆಯ ಚಿಂತೆಯಿಲ್ಲ; ಹೆರಿಗೆಯ ತಿಂಗಳಲ್ಲಿ ಅವರಿಗೆ ಬಿಡುವಿದೆಯೇ ಎಂಬುದೇ ದೊಡ್ಡ ತೊಡಕು. ಹೆರಿಗೆಯ ಅಂದಾಜು ದಿನಾಂಕ, ಬಡಾವಣೆ, ವಿಮೆಯ ಹೆಸರು ಇವಿಷ್ಟನ್ನು ಸಂದೇಶದ ಮೊದಲ ಸಾಲಿನಲ್ಲೇ ಬರೆದ ಮೇಲೆ ಉತ್ತರ ಬಂತು. ಭೇಟಿಯಲ್ಲಿ ಅವರು ಮೊದಲು ಕೇಳಿದ್ದೇ ವಿಮಾ ಕಾರ್ಡನ್ನು. ಬಾಣಂತನಕ್ಕೆ ಅಮ್ಮ ಊರಿನಿಂದ ಬರುವವರಿದ್ದರೂ, ಹೆರಿಗೆಯಾದ ಮೊದಲ 10 ದಿನ ನಿತ್ಯವೂ, ಆಮೇಲೆ 12 ವಾರಗಳವರೆಗೆ ಆಗಾಗ ಸೂಲಗಿತ್ತಿ ಮನೆಗೆ ಬರುವ ಖರ್ಚನ್ನು ವಿಮೆಯೇ ಭರಿಸುತ್ತದೆ. ಆದರೆ ಮನೆಯಲ್ಲೇ ಹೆರಿಗೆ ಬಯಸುವವರು, ಕರೆದಾಗ ಬರಲು ಸಿದ್ಧರಿರುವುದಕ್ಕೆ ಸೂಲಗಿತ್ತಿಯರು ಪಡೆಯುವ ಪ್ರತ್ಯೇಕ ಶುಲ್ಕದಲ್ಲಿ ಎಷ್ಟು ಮರಳಿ ಸಿಗುತ್ತದೆಂದು ತಮ್ಮ ವಿಮಾ ಸಂಸ್ಥೆಯಲ್ಲಿ ಮೊದಲೇ ವಿಚಾರಿಸಿಕೊಳ್ಳಬೇಕು.