ಕರೆಂಟ್ ಹೋಗಿ ಬಂದರೆ ಪ್ರಿಂಟರ್ ‘ಆಫ್‌ಲೈನ್’, ಏನು ಮಾಡೋದು?

ಪ್ರಶ್ನೆ: ಸೊಸೈಟಿ ಗುಮಾಸ್ತ

ತೀರ್ಥಹಳ್ಳಿ ಕಡೆಯ ಸಣ್ಣ ಸಹಕಾರ ಸಂಘವೊಂದರಲ್ಲಿ ಕೆಲಸ ಮಾಡುತ್ತೇನೆ. ಮೂರು ಕಂಪ್ಯೂಟರ್, ಒಂದೇ ಮೆಷಿನ್. ಪ್ರಿಂಟ್, ಜೆರಾಕ್ಸ್, ಸ್ಕ್ಯಾನ್ ಎಲ್ಲಾ ಅದರಲ್ಲೇ. ಮಳೆ ಹಿಡಿದ ಮೇಲೆ ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುತ್ತದೆ. ವಾಪಸ್ ಬಂದಾಗ ಜೆರಾಕ್ಸ್ ಸರಿಯಾಗಿಯೇ ಬರುತ್ತದೆ. ಕಂಪ್ಯೂಟರಿನಿಂದ ಪ್ರಿಂಟ್ ಕೊಟ್ಟರೆ ಮಾತ್ರ ‘ಆಫ್‌ಲೈನ್’. ಸ್ಕ್ಯಾನ್ ಮಾಡಿದ್ದು ನನ್ನ ಕಂಪ್ಯೂಟರಿನ ಫೋಲ್ಡರ್‌ಗೆ ಬಂದು ಬೀಳುತ್ತಿತ್ತು. ಹೋದ ತಿಂಗಳಿಂದ ಅದೂ ಇಲ್ಲ. ಬೆಳೆ ಸಾಲಕ್ಕೆ ಪಹಣಿ ಹಿಡಿದು ನಿಂತವರು ನನ್ನ ಮುಖ ನೋಡುತ್ತಾರೆ. ಮೆಕ್ಯಾನಿಕ್ ಶಿವಮೊಗ್ಗದಿಂದ ಬಂದು, ಆಫ್ ಮಾಡಿ ಆನ್ ಮಾಡಿ, 500 ರೂಪಾಯಿ ತೆಗೆದುಕೊಂಡು ಹೋದ. ಅಷ್ಟು ನನಗೂ ಬರುತ್ತದೆ ಅಲ್ವಾ? ಹೊಸ ಮೆಷಿನ್ನೇ ತೆಗೆದುಕೊಳ್ಳಬೇಕಾ?

ಉತ್ತರ: ಸರ್ವಿಸ್ ಮಾಡುವವನು

ಹೊಸದು ಬೇಡ ಸರ್. ಜೆರಾಕ್ಸ್ ಬರುತ್ತಿದೆ ಅಂದರೆ ಮೆಷಿನ್ ಗಟ್ಟಿಯಾಗಿದೆ. ತೊಂದರೆ ವಿಳಾಸದಲ್ಲಿದೆ ಅನಿಸುತ್ತದೆ. ಪ್ರಿಂಟರ್‌ಗೆ ಐಪಿ, ಅಂದರೆ ನೆಟ್‌ವರ್ಕ್‌ನಲ್ಲಿನ ವಿಳಾಸದ ನಂಬರ್, ಕೊಡುವುದು ನಿಮ್ಮ ರೌಟರ್. ಕರೆಂಟ್ ಹೋದಾಗ ಸುಮಾರು ರೌಟರ್‌ಗಳು ಯಾರಿಗೆ ಯಾವ ನಂಬರ್ ಕೊಟ್ಟಿದ್ದೆ ಅನ್ನುವುದನ್ನೇ ಮರೆತುಬಿಡುತ್ತವೆ. ಬೆಳಿಗ್ಗೆ ಪ್ರಿಂಟರ್‌ದಾಗಿದ್ದ 192.168.1.5 ಮಧ್ಯಾಹ್ನ ಯಾರದೋ ಮೊಬೈಲ್‌ಗೆ ಹೋಗಿರುತ್ತದೆ. ಕಂಪ್ಯೂಟರ್ ಮಾತ್ರ ಹಳೇ ಮನೆ ಬಾಗಿಲನ್ನೇ ತಟ್ಟುತ್ತಿರುತ್ತದೆ.

ಪ್ರಿಂಟರ್ ಮೆನುವಿನಿಂದ ನೆಟ್‌ವರ್ಕ್ ರಿಪೋರ್ಟ್ ತೆಗೆಯಿರಿ. ಅದರಲ್ಲಿ ಮ್ಯಾಕ್ ಅಡ್ರೆಸ್ (ಮೆಷಿನ್ನಿನ ಗುರುತಿನ ನಂಬರ್) ಇರುತ್ತದೆ, ಎರಡೆರಡು ಅಕ್ಷರ-ಅಂಕಿಯ ಆರು ಜೋಡಿ. ರೌಟರ್ ಸೆಟ್ಟಿಂಗ್‌ನಲ್ಲಿ ‘ಅಡ್ರೆಸ್ ರಿಸರ್ವೇಶನ್’ ಹುಡುಕಿ, ಆ ಮ್ಯಾಕ್‌ಗೆ ಒಂದು ಐಪಿ ಕಾಯಂ ಮಾಡಿ. ಆಮೇಲೆ ಮೂರೂ ಕಂಪ್ಯೂಟರ್‌ಗಳಲ್ಲಿ ಪ್ರಿಂಟರ್ ಪ್ರಾಪರ್ಟೀಸ್‌ಗೆ ಹೋಗಿ ‘ಪೋರ್ಟ್ಸ್’ ನೋಡಿ. ವಿಂಡೋಸ್ ತಾನೇ ಸೇರಿಸಿದ್ದರೆ ಅಲ್ಲಿ ‘ಡಬ್ಲ್ಯುಎಸ್‌ಡಿ’ ಅಂತ ಇರಬಹುದು. ಅದನ್ನು ಬಿಟ್ಟು ಹೊಸ ‘ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಪೋರ್ಟ್’ ಮಾಡಿ ಆ ಕಾಯಂ ಐಪಿ ಹಾಕಿ. ಪ್ರಿಂಟರ್ ಸರಿಯಿದ್ದೂ ‘ಆಫ್‌ಲೈನ್’ ಅಂದರೆ, ‘ಕಾನ್ಫಿಗರ್ ಪೋರ್ಟ್’ ಒಳಗೆ ‘ಎಸ್‌ಎನ್‌ಎಂಪಿ ಸ್ಟೇಟಸ್’ (ಪ್ರಿಂಟರ್ ಸ್ಥಿತಿ ವಿಚಾರಿಸುವ ವ್ಯವಸ್ಥೆ) ಟಿಕ್ ತೆಗೆದು ನೋಡಿ. ನನ್ನ ಅರ್ಧ ಕಂಪ್ಲೇಂಟು ಅಲ್ಲೇ ಮುಗಿಯುತ್ತವೆ.

ಸ್ಕ್ಯಾನ್ ವಿಷಯ ಬೇರೆ. ಹೋದ ತಿಂಗಳು ಕಂಪ್ಯೂಟರಿನ ಪಾಸ್‌ವರ್ಡ್ ಬದಲಾಯಿತಾ? ಪ್ರಿಂಟರಿನ ಅಡ್ರೆಸ್ ಬುಕ್‌ನಲ್ಲಿ ಹಳೆಯದೇ ಕೂತಿರುತ್ತದೆ. ಅಲ್ಲಿಗೆ ವಿಂಡೋಸ್ ತೆರೆಯುವ ಪಿನ್ ನಡೆಯುವುದಿಲ್ಲ, ಪಾಸ್‌ವರ್ಡೇ ಬೇಕು. ಸ್ಕ್ಯಾನ್‌ಗೆಂದೇ ಕಂಪ್ಯೂಟರಿನಲ್ಲಿ ಬೇರೆ ಯೂಸರ್ ಮಾಡಿದರೆ ಪದೇ ಪದೇ ಈ ಗೋಳಿರುವುದಿಲ್ಲ. ನಿಮ್ಮ ಕಂಪ್ಯೂಟರಿನ ಐಪಿಯನ್ನೂ ಕಾಯಂ ಮಾಡಿ. ಯಾರಾದರೂ ‘ಎಸ್‌ಎಂಬಿ 1 ಆನ್ ಮಾಡಿ’ ಅಂದರೆ ಕೇಳಬೇಡಿ; ಅದು ನೆಟ್‌ವರ್ಕ್‌ನಲ್ಲಿ ಫೈಲ್ ಕಳಿಸುವ ಹಳೇ ವಿಧಾನ. 2017ರಲ್ಲಿ ವಾನಾಕ್ರೈ ವೈರಸ್ ಹಬ್ಬಿದ್ದು ಅದೇ ದಾರಿಯಲ್ಲಿ. ಅದರ ಬದಲು ಮೊದಲು ಪ್ರಿಂಟರಿನ ಫರ್ಮ್‌ವೇರ್ (ಅದರೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ.

ಉತ್ತರ: ಡಿಟಿಪಿ ಅಂಗಡಿಯವಳು

ಅಣ್ಣಾ, ಪ್ರಿಂಟರನ್ನು ಕಂಪ್ಯೂಟರಿನ ಸಣ್ಣ ಯುಪಿಎಸ್‌ಗೆ ಮಾತ್ರ ಹಾಕಬೇಡಿ. ಲೇಸರ್ ಮೆಷಿನ್ ಬಿಸಿಯಾಗುವಾಗ ಒಮ್ಮೆಲೇ ಜಾಸ್ತಿ ಕರೆಂಟ್ ಎಳೆಯುತ್ತದೆ. ನಮ್ಮ ಅಂಗಡಿಯಲ್ಲಿ ಯುಪಿಎಸ್ ಕಿರುಚಿ ಆಫ್ ಆಗಿ ಎರಡು ಮದುವೆ ಕಾಗದ ಹೋದವು. ರೌಟರ್ ಹಾಕಿ ಸಾಕು. ಪೇಪರ್ ಜ್ಯಾಮ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಈ ಮಳೆಯಲ್ಲಿ ರಾತ್ರಿಯಿಡೀ ಟ್ರೇನಲ್ಲಿ ಬಿಟ್ಟ ಕಾಗದ ಬೆಳಿಗ್ಗೆಗೆ ಹಪ್ಪಳದ ಹಿಟ್ಟಿನ ಹಾಗಾಗಿರುತ್ತದೆ. ಸಂಜೆ ತೆಗೆದು ಪ್ಲಾಸ್ಟಿಕ್‌ನಲ್ಲಿ ಸುತ್ತಿಡಿ.

ಸೊಸೈಟಿ ಗುಮಾಸ್ತ

ಇಬ್ಬರಿಗೂ ನಮಸ್ಕಾರ. ಪೋರ್ಟ್‌ನಲ್ಲಿ ‘ಡಬ್ಲ್ಯುಎಸ್‌ಡಿ’ಯೇ ಇತ್ತು, ಬದಲಾಯಿಸಿದೆ. ಇವತ್ತು ಮೂರು ಸಲ ಕರೆಂಟ್ ಹೋಯಿತು, ಮೂರು ಸಲವೂ ಪ್ರಿಂಟ್ ಬಂತು. ಪಾಸ್‌ವರ್ಡ್ ಬದಲಾಯಿಸಿದ್ದು ನಮ್ಮ ಕಾರ್ಯದರ್ಶಿಗಳು. ಆಡಿಟ್ ಗಡಿಬಿಡಿಯಲ್ಲಿ ನನಗೆ ಹೇಳಿದ್ದು ಬರೀ ಪಿನ್. ಈಗ ಸ್ಕ್ಯಾನ್‌ಗೆ ಬೇರೆ ಯೂಸರ್ ಇದೆ. ಇನ್ನೊಂದು ಸಣ್ಣ ಡೌಟು: ನುಡಿಯಲ್ಲಿ ಟೈಪ್ ಮಾಡಿದ ನೋಟಿಸ್ ಪರದೆ ಮೇಲೆ ಸರಿ ಕಾಣುತ್ತದೆ, ಪ್ರಿಂಟ್‌ನಲ್ಲಿ ಒತ್ತಕ್ಷರ ಪಕ್ಕಕ್ಕೆ ಹಾರುತ್ತದೆ.

ಸರ್ವಿಸ್ ಮಾಡುವವನು

ಡ್ರೈವರಿನ ಅಡ್ವಾನ್ಸ್ಡ್ ಸೆಟ್ಟಿಂಗ್‌ನಲ್ಲಿ ಟ್ರೂಟೈಪ್ ಫಾಂಟನ್ನು ಬಿಟ್‌ಮ್ಯಾಪ್ ಆಗಿ ಕಳಿಸುವ ಆಯ್ಕೆ ಇದ್ದರೆ ಹಾಕಿ ನೋಡಿ. ಅಕ್ಷರ ಚಿತ್ರವಾಗಿ ಹೋಗುತ್ತದೆ. ಸ್ವಲ್ಪ ನಿಧಾನ ಆಗಬಹುದು. ಆಗದಿದ್ದರೆ ಮೊದಲು ಪಿಡಿಎಫ್ ಮಾಡಿ, ಅದನ್ನು ಪ್ರಿಂಟ್ ಕೊಡಿ.